ಹಿಂದಿನ ಸೀಟಿಗೂ ಪೆಡಲ್ ಇದೆ

ದಾವಣಗೆರೆಯಲ್ಲಿ ನಮ್ಮ ಅಪ್ಪಾಜಿ ವಯಸ್ಸಿನವರನ್ನ ಸೈಕಲ್ ಬಗ್ಗೆ ಮಾತಿಗೆಳೆದ್ರೆ ಮೂರು ಅಪರಾಧಗಳ ಕಥೆ ಬಂದೇ ಬರುತ್ತೆ. ಒಂದು, ಕತ್ತಲಾದ ಮೇಲೆ ಡೈನಮೋ ಲೈಟ್ ಇಲ್ಲದೆ ಹೋಗೋದು. ಎರಡು, ಮುನ್ಸಿಪಾಲ್ಟಿಯ ಬಿಲ್ಲೆ ಹಾಕಿಸದೆ ಸೈಕಲ್ ಓಡಿಸೋದು. ಮೂರು, ಡಬಲ್ಸ್. ಡಬಲ್ಸ್‌ನಲ್ಲಿ ಸಿಕ್ಕಿಬಿದ್ರೆ ಪೊಲೀಸಪ್ಪ ದಂಡ ಬರೆಯೋ ತಾಪತ್ರಯಕ್ಕೆ ಹೋಗ್ತಿರಲಿಲ್ಲವಂತೆ. ವಾಲ್ ಕಿತ್ತು ಗಾಳಿ ಬಿಟ್ಟು ಕಳಿಸ್ತಿದ್ದನಂತೆ. ಆಮೇಲೆ ಇಬ್ಬರೂ ಸೇರಿ ತಳ್ಕೊಂಡು ಹೋಗ್ಬೇಕು.

ಆದ್ರೂ ಊರಿಗೂರೇ ಡಬಲ್ಸ್ ಓಡಾಡ್ತಿತ್ತು. ದೊಡ್ಡವರು ಹಿಂದೆ ಕ್ಯಾರಿಯರ್ ಮೇಲೆ, ಮಕ್ಕಳು ಮುಂದೆ ಬಾರ್ ಮೇಲೆ. ನಾನು ಬಾರಿಗೆ ಟವೆಲ್ ಸುತ್ತಿ ಕೂರಿಸ್ಕೊಂಡು ಹೋಗ್ತಿದ್ದ ಕಾಲದವಳು. ಕೂತವರಿಗೆ ಇದ್ದ ಕೆಲಸ ಒಂದೇ, ಕಾಲು ಸ್ಪೋಕ್ಸಿಗೆ ಸಿಗದ ಹಾಗೆ ಅಗಲಿಸಿಕೊಂಡು ಸುಮ್ಮನಿರೋದು. ಅಲ್ಲಾಡಿದ್ರೆ ತುಳಿಯೋರಿಂದ ಬೈಗುಳ. ಕ್ಯಾರಿಯರ್ ಮೇಲೆ ಕೂತ ಮನುಷ್ಯನಿಗೂ, ಅದೇ ಕ್ಯಾರಿಯರ್‌ಗೆ ಹಗ್ಗ ಹಾಕಿ ಕಟ್ಟಿದ ಅಕ್ಕಿ ಮೂಟೆಗೂ ಸೈಕಲ್ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಈ ಮಾತು ಯಾಕೆ ಬಂತಂದ್ರೆ, ಕಳೆದ ಜನವರಿಯಲ್ಲಿ ನಾನೂ ಅಪ್ಪಾಜಿನೂ ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ಲಲ್ಲಿ ಹೋಗಿ ಬಂದ್ವಿ. ಒಂದೇ ಸೈಕಲ್. ಎರಡು ಸೀಟು, ಎರಡು ಹ್ಯಾಂಡಲ್, ನಾಲ್ಕು ಪೆಡಲ್. ಇದಕ್ಕೆ ಟ್ಯಾಂಡಮ್ ಅಂತಾರೆ.

ನಿಮ್ಮಲ್ಲಿ ಹೆಚ್ಚಿನವರು ಟ್ಯಾಂಡಮ್ಮನ್ನ ನೋಡಿರೋದು ಯಾವುದಾದ್ರೂ ರೆಸಾರ್ಟ್‌ನಲ್ಲಿ, ಇಲ್ಲಾ ಪ್ರೀ-ವೆಡ್ಡಿಂಗ್ ಶೂಟ್‌ನಲ್ಲಿ. ಅದು ತಪ್ಪೇನಲ್ಲ, ಇಂಗ್ಲೆಂಡಿನ ಕಾಲದಿಂದಲೂ ಅದಕ್ಕೆ ಪ್ರೇಮಿಗಳ ಸೈಕಲ್ ಅಂತಲೇ ಹೆಸರು. 1892ರಲ್ಲಿ ಹ್ಯಾರಿ ಡೇಕರ್ ಅನ್ನೋನು ಬರೆದ 'ಡೈಸಿ ಬೆಲ್' ಹಾಡಿನಲ್ಲಿ ಹುಡುಗ, ಸಾರೋಟು ಇಡೋಕೆ ನನ್ನ ಹತ್ರ ದುಡ್ಡಿಲ್ಲ, ಇಬ್ಬರು ಕೂರೋ ಸೈಕಲ್ಲಿದೆ, ಮದುವೆ ಆಗ್ತೀಯಾ ಅಂತ ಕೇಳ್ತಾನೆ. ನಮ್ಮ ಐಟಿ ಮಂದಿಗೆ ಒಂದು ಉಪಕಥೆ: 1961ರಲ್ಲಿ ಬೆಲ್ ಲ್ಯಾಬ್ಸ್‌ನವರು ಐಬಿಎಂ ಕಂಪ್ಯೂಟರ್ ಒಂದರ ಕೈಲಿ ಹಾಡಿಸಿದ್ದು ಇದೇ ಹಾಡನ್ನ. ಇನ್ನು ಟ್ಯಾಂಡಮ್ ಅನ್ನೋ ಪದ ಲ್ಯಾಟಿನ್ನಿನದು. ಅರ್ಥ 'ಅಂತೂ ಇಂತೂ, ಕೊನೆಗೆ' ಅಂತ. ಒಂದರ ಹಿಂದೆ ಒಂದು ಕುದುರೆ ಕಟ್ಟಿದ ಉದ್ದನೆ ಗಾಡಿಗೆ ಇಂಗ್ಲಿಷರು ತಮಾಷೆಗೆ ಇಟ್ಟ ಹೆಸರು, ಆಮೇಲೆ ಸೈಕಲ್ಲಿಗೂ ಬಂತು.

ನಾನು ಅದರ ಹಿಂದೆ ಬಿದ್ದ ಕಾರಣ ಬೇರೆ. ಅಪ್ಪಾಜಿಗೆ ಕಣ್ಣು ಕಾಣಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 24 ವರ್ಷ ಟರ್ನರ್ ಆಗಿದ್ದವರು. ಲೇತ್ ಮೇಲೆ ಕಬ್ಬಿಣ ಕಡೆಯೋ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಪೀಸ್ ರಿಜೆಕ್ಟ್ ಆಗೋ ಕೆಲಸ. ಮೊದಲ 17 ವರ್ಷ ಹೋಗಿ ಬರ್ತಿದ್ದದ್ದು ಸೈಕಲ್ಲಲ್ಲೇ, ಅವರ ಶಿಫ್ಟಿಗೆ ಸರಿಯಾಗಿ ಬಸ್ ಸಿಗ್ತಿರಲಿಲ್ಲ ಅಂತ. ಒಂದು ದಿಕ್ಕಿಗೆ ಸುಮಾರು 14 ಕಿಲೋಮೀಟರ್, ದಿನಕ್ಕೆ 28. ವರ್ಷಕ್ಕೆ 300 ದಿನ ಅಂತ ಹಿಡಿದ್ರೆ 17 ವರ್ಷಕ್ಕೆ 1,42,800 ಕಿಲೋಮೀಟರ್. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಅಂದ್ರೆ ನಮ್ಮಪ್ಪ ಕೆಟಿಜೆ ನಗರ ಬಿಟ್ಟು ಎಲ್ಲೂ ಹೋಗದೇನೇ ಭೂಮಿಗೆ ಮೂರೂವರೆ ಸುತ್ತು ಹಾಕಿದ್ದಾರೆ. ಈ ಲೆಕ್ಕ ಹೇಳಿದ್ರೆ, "ಸುತ್ತು ಹಾಕಿದ್ದಕ್ಕೆ ಟಿ.ಎ. ಕೊಡಲಿಲ್ಲ ನೋಡು" ಅಂತಾರೆ.

ಕಾಯಿಲೆ ಹೆಸರು ಗ್ಲಾಕೋಮಾ. ಕಣ್ಣಿನ ನರ ನಿಧಾನಕ್ಕೆ ಹಾಳಾಗ್ತಾ ಹೋಗೋದು. ಬಹಳ ಜನರಿಗೆ ನೋವಿರಲ್ಲ, ಕಣ್ಣು ಕೆಂಪಾಗಲ್ಲ. ಮೊದಲು ಪಕ್ಕದ ನೋಟ ಹೋಗುತ್ತೆ, ಎದುರಿಗಿರೋದು ಕಾಣ್ತಾನೇ ಇರುತ್ತೆ, ಹಾಗಾಗಿ ಏನೋ ಕಳ್ಕೊಳ್ತಿದೀವಿ ಅಂತ ಗೊತ್ತೇ ಆಗಲ್ಲ. ಅಪ್ಪಾಜಿ ಎರಡು ಮೂರು ವರ್ಷ ಬಾಗಿಲ ಚೌಕಟ್ಟಿಗೆ ಭುಜ ತಾಗಿಸ್ಕೊಂಡು ಬಡಗಿಯನ್ನ ಬೈಕೊಂಡು ಓಡಾಡಿದ್ರು. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಬಹುಪಾಲು ಹೋಗಿತ್ತು. ಹೋದ ದೃಷ್ಟಿ ವಾಪಸ್ ಬರಲ್ಲ. ಡ್ರಾಪ್ಸು, ಆಪರೇಷನ್ನು ಎಲ್ಲಾ ಉಳಿದದ್ದನ್ನ ಕಾಪಾಡೋಕೆ ಮಾತ್ರ. ಈಗ ಅವರಿಗೆ 66. ಬೆಳಕಿದೆಯಾ ಕತ್ತಲಿದೆಯಾ ಅನ್ನೋದು ಬಿಟ್ರೆ ಹೆಚ್ಚೇನೂ ತಿಳಿಯಲ್ಲ.

ಕಣ್ಣು ಹೋದ ಮೇಲೂ ಸ್ವಲ್ಪ ದಿನ ಹೊರಗೆ ಹೋಗ್ತಿದ್ರು. ಅಮ್ಮನೋ ತಮ್ಮನೋ ರಟ್ಟೆ ಹಿಡ್ಕೊಂಡು ಕರ್ಕೊಂಡು ಹೋಗೋರು. ಕಟಿಂಗ್ ಶಾಪಿಗೆ, ಗುಡಿಗೆ, ಮದುವೆಗೆ. ಒಂದಿನ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ರು. ಎಂಟು ತಿಂಗಳು ಕಾಂಪೌಂಡ್ ದಾಟಲಿಲ್ಲ. ಫೋನಲ್ಲಿ ಯಾಕೆ ಅಂತ ಕೇಳಿದ್ರೆ ಒಂದೇ ಮಾತು: "ಎಮ್ಮೆ ಹೊಡ್ಕಂಡು ಹೋದಂಗೆ ಹೊಡ್ಕಂಡು ಹೋಗ್ತಾರವ್ವಾ. ನಾ ಬರಲ್ಲ." ಅಮ್ಮನಿಗೆ ಅದನ್ನ ಕೇಳಿ ಅಳು. ತಮ್ಮನಿಗೆ ಸಿಟ್ಟು. ಇಬ್ಬರದ್ದೂ ನ್ಯಾಯವೇ, ದಿನಾ ಜೊತೆಗಿದ್ದು ನೋಡ್ಕೊಳ್ಳೋರು ಅವರು. ಬೆಂಗಳೂರಲ್ಲಿ ಕೂತು ವಾರಕ್ಕೆರಡು ವಿಡಿಯೋ ಕಾಲ್ ಮಾಡೋ ನನ್ನ ಹತ್ರ ಸಲಹೆಗಳು ಮಾತ್ರ ಇದ್ವು.

ಆಗ ಆಫೀಸಿನ ಗೆಳತಿಯೊಬ್ಬಳು ಭಾನುವಾರ ಬೆಳಗ್ಗೆ ಕಣ್ಣು ಕಾಣದವರ ಜೊತೆ ಟ್ಯಾಂಡಮ್ ಓಡಿಸೋಕೆ ಹೋಗ್ತಾಳೆ ಅಂತ ಗೊತ್ತಾಯ್ತು. ಮುಂದೆ ಕಣ್ಣಿರೋರು, ಹಿಂದೆ ಕಣ್ಣು ಕಾಣದೋರು. ಇದೇನು ಹೊಸ ಸಂಗತಿಯಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಧರ ಸೈಕಲ್ ರೇಸ್ ನಡೆಯೋದೇ ಟ್ಯಾಂಡಮ್ ಮೇಲೆ, ಗೆದ್ರೆ ಪದಕ ಇಬ್ಬರಿಗೂ. ನಮ್ಮ ದೇಶದಲ್ಲೇ ಪುಣೆಯ ದಿವ್ಯಾಂಶು ಗಣಾತ್ರಾ ಅನ್ನೋರು 19ನೇ ವಯಸ್ಸಿಗೆ ದೃಷ್ಟಿ ಕಳ್ಕೊಂಡವರು, ಕಾರಣ ಇದೇ ಗ್ಲಾಕೋಮಾ. ಅವರು 2016ರಲ್ಲಿ ಮನಾಲಿಯಿಂದ ಖಾರ್ದುಂಗ್ ಲಾ ತನಕ ಟ್ಯಾಂಡಮ್ ತುಳಿದಿದ್ದಾರೆ. ಅದನ್ನ ಓದಿದ ಮೇಲೆ ನನಗನ್ನಿಸ್ತು, ಹಿಮಾಲಯ ಹತ್ತೋಕೆ ಆಗುತ್ತಂದ್ರೆ ಹರಿಹರ ಯಾಕಾಗಲ್ಲ? ನಡುವೆ ಒಂದು ದೊಡ್ಡ ದಿಬ್ಬವೂ ಇಲ್ಲ.

ನಾಲ್ಕು ಭಾನುವಾರ ಕಲಿಯೋಕೆ ಹೋದೆ. ಮೊದಲನೇ ಪಾಠದಲ್ಲಿ ಹ್ಯಾಂಡಲ್ಲೇ ಕೊಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಿನ ಸೀಟಲ್ಲಿ ಕೂರಿಸಿ ಒಂದು ಕಿಲೋಮೀಟರ್ ಸುತ್ತಿಸಿದ್ರು. ಹಿಂದಿನ ಹ್ಯಾಂಡಲ್ ತಿರುಗಲ್ಲ, ಹಿಡ್ಕೊಳ್ಳೋಕೆ ಅಷ್ಟೇ. ಬ್ರೇಕೂ ಇಲ್ಲ. ಮುಂದಿನವರು ಹೇಳದೆ ಒಂದು ಹಂಪ್ ಹಾರಿಸಿದ್ರೆ ಬೆನ್ನುಹುರಿ ನೆತ್ತಿಗೆ ಬರುತ್ತೆ. ಹೇಳದೆ ತಿರುಗಿಸಿದ್ರೆ ಮೈ ಒಂದು ಕಡೆ, ಸೈಕಲ್ ಒಂದು ಕಡೆ. ಒಂದು ಕಿಲೋಮೀಟರ್ ಮುಗಿಸಿ ಇಳಿದಾಗ ನನ್ನ ಅಂಗೈ ಬೆವೆತು ಒದ್ದೆಯಾಗಿತ್ತು.

ಇದರ ಮೆಕ್ಯಾನಿಕ್ಸ್ ಸ್ವಲ್ಪ ಹೇಳ್ತೀನಿ, ಮುಂದಿನದು ಅರ್ಥ ಆಗ್ಬೇಕಲ್ಲ. ಮುಂದಿನ ಪೆಡಲ್ಲಿಗೂ ಹಿಂದಿನ ಪೆಡಲ್ಲಿಗೂ ನಡುವೆ ಒಂದು ಪ್ರತ್ಯೇಕ ಚೈನ್ ಇರುತ್ತೆ. ಹಾಗಾಗಿ ಇಬ್ಬರ ಕಾಲೂ ಒಟ್ಟಿಗೇ ತಿರುಗಬೇಕು. ಒಬ್ಬರು ನಿಲ್ಲಿಸಿದ್ರೆ ಇನ್ನೊಬ್ಬರೂ ನಿಲ್ಲಿಸಲೇಬೇಕು. ಮುಂದಿನವರಿಗೆ ಕ್ಯಾಪ್ಟನ್ ಅಂತಾರೆ, ಹಿಂದಿನವರಿಗೆ ಸ್ಟೋಕರ್. ಸ್ಟೋಕರ್ ಅಂದ್ರೆ ಹಳೇ ಉಗಿ ಇಂಜಿನ್ನಿಗೆ ಕಲ್ಲಿದ್ದಲು ತುಂಬ್ತಿದ್ದವನು. ಚಪ್ಪಟೆ ರಸ್ತೆಯಲ್ಲಿ ಟ್ಯಾಂಡಮ್ ಒಂಟಿ ಸೈಕಲ್ಲಿಗಿಂತ ಜೋರು ಓಡುತ್ತೆ. ತಳ್ಳೋ ಶಕ್ತಿ ಇಬ್ಬರದು, ಎದುರು ಗಾಳಿ ಹೆಚ್ಚುಕಮ್ಮಿ ಒಬ್ಬರಿಗಾಗೋವಷ್ಟೇ. ಏರಿನಲ್ಲಿ ಅದೇ ತೂಕ ಎಳೆಯುತ್ತೆ. ಇಳಿಜಾರಲ್ಲಿ ಬ್ರೇಕ್ ಬೇಗ ಹಿಡಿಯೋಕೆ ಶುರು ಮಾಡ್ಬೇಕು.

ಹುಬ್ಬಳ್ಳಿಗೆ ಮನೆ ಶಿಫ್ಟ್ ಮಾಡ್ತಿದ್ದ ಪರಿಚಯದವರ ಲಾರಿಯಲ್ಲಿ, ಬೀರು ಫ್ರಿಜ್ಜುಗಳ ನಡುವೆ, ಗೆಳತಿಯ ಟ್ಯಾಂಡಮ್ ದಾವಣಗೆರೆಗೆ ಬಂತು. ಮನೆ ಮುಂದೆ ಇಳಿಸಿದಾಗ ಓಣಿಯ ಹುಡುಗರೆಲ್ಲಾ ಜಮಾಯಿಸಿದ್ರು. ಅಮ್ಮ ಬಾಗಿಲಲ್ಲೇ ನಿಂತು, "ನಿನಗೆ ತಲೆಗಿಲೆ ಕೆಟ್ಟೈತೇನು? ಬೀಳಿಸಿ ಕಾಲು ಮುರಿದ್ರೆ ಯಾರು ನೋಡಾರು?" ಅಂದಳು. ಅಪ್ಪಾಜಿ ಮಾತಾಡಲಿಲ್ಲ. ಬಂದು ಸೈಕಲ್ಲನ್ನ ಮುಂದಿನ ಚಕ್ರದಿಂದ ಮುಟ್ಟುತ್ತಾ ಹೋದ್ರು. ಹ್ಯಾಂಡಲ್, ಸೀಟು, ಆಮೇಲೆ ಇನ್ನೊಂದು ಹ್ಯಾಂಡಲ್, ಇನ್ನೊಂದು ಸೀಟು. ಕೊನೆಗೆ ಕೂತು ಹಿಂದಿನ ಪೆಡಲ್ಲನ್ನ ಕೈಲಿ ತಿರುಗಿಸಿದ್ರು. ಮುಂದಿನ ಪೆಡಲ್ಲೂ ತಿರುಗ್ತು. ಆ ಸದ್ದು ಕೇಳಿ ತಲೆ ಎತ್ತಿದ್ರು.

"ಹಿಂದೆ ಕೂತೋನೂ ತುಳಿಬೇಕಾ ಇದ್ರಾಗೆ?"

"ಹೂಂ ಅಪ್ಪಾಜಿ. ನೀವು ತುಳಿಲಿಲ್ಲಾಂದ್ರೆ ನನ್ನ ಕೈಲಿ ಎಳೆಯೋಕೆ ಆಗಲ್ಲ."

"ಹಂಗಾರೆ ನಡಿ ನೋಡಾಣ."

ಎರಡು ದಿನ ಓಣಿಯಲ್ಲಿ, ಆಮೇಲೆ ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ಪ್ರಾಕ್ಟೀಸ್ ಮಾಡಿದ್ವಿ. ನಮ್ಮದೇ ಭಾಷೆ ಮಾಡ್ಕೊಂಡ್ವಿ. 'ಹೂಂ' ಅಂದ್ರೆ ತುಳಿ. 'ಬಿಡಿ' ಅಂದ್ರೆ ಕಾಲು ನಿಲ್ಲಿಸಿ. 'ಹಂಪು', 'ಗುಂಡಿ', 'ಎಡ', 'ಬಲ', 'ಬ್ರೇಕು'. ಶುರು ಮಾಡೋವಾಗ ನಾನು ಎರಡೂ ಕಾಲೂರಿ ಸೈಕಲ್ ಗಟ್ಟಿ ಹಿಡ್ಕೋಬೇಕು, ಅವರು ಹತ್ತಿ ಕೂತು ಪೆಡಲ್ ಮೇಲೆ ಕಾಲಿಟ್ಟ ಮೇಲೆ 'ಹೂಂ'. ಅಪ್ಪಾಜಿ ಮಂಕಿ ಕ್ಯಾಪ್ ಬಿಡೋಕೆ ಒಪ್ಪದೆ ಅದರ ಮೇಲೇ ಹೆಲ್ಮೆಟ್ ಹಾಕ್ಕೊಂಡ್ರು.

ಭಾನುವಾರ ಬೆಳಗ್ಗೆ ಆರೂವರೆಗೆ ಹೊರಟ್ವಿ. ಹೋಗಿದ್ದು ಹಳೇ ಪಿ.ಬಿ. ರೋಡಿನಲ್ಲೇ. ಪುಣೆ-ಬೆಂಗಳೂರು ರಸ್ತೆ ಅನ್ನೋದನ್ನ ನಮ್ಮೂರು ಇನ್ನೂ ಹಂಗೇ ಕರೆಯೋದು. ಲಾರಿಗಳೆಲ್ಲಾ ಬೈಪಾಸ್ ಹಿಡಿದು ಹೋಗ್ತವೆ, ಹಳೇ ರಸ್ತೆಗೆ ಬಸ್ಸು, ಆಟೋ, ಟ್ರ್ಯಾಕ್ಟರ್, ಹಾಲಿನ ಬೈಕು. ಚಳಿ ಇತ್ತು. ಟೀ ಅಂಗಡಿಗಳ ಮುಂದೆ ಜನ ಗ್ಲಾಸು ಹಿಡಿದ ಕೈ ಹಾಗೇ ಬಿಟ್ಟು ನಮ್ಮನ್ನೇ ನೋಡಿದ್ರು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಒಂದು ಫರ್ಲಾಂಗ್ ವಿಡಿಯೋ ಮಾಡ್ಕೊಂಡು ಹೋದ.

ಊರು ದಾಟೋತನಕ ನನ್ನ ಬಾಯಿಗೆ ಬಿಡುವಿರಲಿಲ್ಲ. ಹಂಪು. ಗುಂಡಿ. ಬಿಡಿ. ನಾಯಿ ಇದೆ, ನಿಧಾನ. ಹೂಂ. ಬಲಕ್ಕೆ ಬಸ್ಸು. ಹಂಪು. ಊರು ಮುಗಿದು ಎರಡೂ ಕಡೆ ಗದ್ದೆ ಬಂದ್ವು. ಭದ್ರಾ ನಾಲೆ ನೀರಿನ ಗದ್ದೆಗಳು, ಬೇಸಿಗೆ ಬೆಳೆಗೆ ಉತ್ತು ಹದ ಮಾಡ್ತಿದ್ರು. ಹಿಂದಿನಿಂದ ಅಪ್ಪಾಜಿ ಅಂದ್ರು:

"ಬರೇ ಗುಂಡಿನೇ ಹೇಳ್ತೀಯಲ್ಲವ್ವಾ. ರಸ್ತಿ ಪಕ್ಕ ಬ್ಯಾರೆ ಏನೂ ಇಲ್ಲೇನು?"

ಸರಿ, ಹೇಳೋಕೆ ಶುರು ಮಾಡಿದೆ. ಎಡಕ್ಕೆ ಕೆಸರು ಗದ್ದೆ, ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಸಾಲು. ಹದಿನೈದಿಪ್ಪತ್ತಿವೆ. ರೈಲ್ವೆ ಲೈನ್ ಕಾಣ್ತಿದೆ. ಕಬ್ಬಿನ ಲೋಡು ಬರ್ತಿದೆ ಎದುರಿಗೆ. ಒಬ್ಬ ಅಜ್ಜ ನಮ್ಮನ್ನ ನೋಡಿ ಕೈ ಮುಗಿದ, ಯಾಕೋ ಗೊತ್ತಿಲ್ಲ. ಹೀಗೆ ಹೇಳ್ತಾ ಹೇಳ್ತಾ ಗಮನಿಸಿದ್ದು: ದಿನಾ ಕಾರಲ್ಲಿ, ಕ್ಯಾಬಲ್ಲಿ ಓಡಾಡೋವಾಗ ಇದನ್ನೆಲ್ಲಾ ನೋಡಿರ್ತೀವಿ, ಆದ್ರೆ ಯಾರಿಗೂ ಹೇಳಿರಲ್ಲ. ಬೆಳ್ಳಕ್ಕಿ ಅಂದ ಮೇಲೆ ಎಷ್ಟಿವೆ, ಎಲ್ಲಿವೆ, ಏನ್ ಮಾಡ್ತಿವೆ ಅಂತ ಪ್ರಶ್ನೆ ಬರುತ್ತೆ ಹಿಂದಿನಿಂದ. ಉತ್ತರ ಕೊಡ್ಬೇಕಾದ್ರೆ ಇನ್ನೊಂದ್ಸಲ ನೋಡ್ಲೇಬೇಕು.

ದೊಡ್ಡಬಾತಿ ಬಂದಿದ್ದನ್ನ ನನಗಿಂತ ಮೊದಲು ಹೇಳಿದ್ದು ಅಪ್ಪಾಜಿ. ಗಾಳಿ ತಣ್ಣಗಾತು, ಕೆರೆ ಕಡೆಯಿಂದ ಬರ್ತೈತೆ ಅಂದ್ರು. ಆಮೇಲೆ, "ಇನ್ನೊಂದು ಸ್ವಲ್ಪಕ್ಕೆ ಎಡಗಡೆ ದೊಡ್ಡ ಹುಣಸೆ ಮರ ಬರ್ತೈತಿ ನೋಡು. ಅಲ್ಲೇ ಚೈನ್ ಬಿದ್ದಾಗೆಲ್ಲ ಹಾಕ್ಕಣ್ತಿದ್ದೆ. ಮಳಿ ಬಂದ್ರೂ ಅಲ್ಲೇ" ಅಂದ್ರು.

ಎಡಗಡೆ ಮರ ಇರಲಿಲ್ಲ. ಬೇಲಿ ಹಾಕಿದ ಲೇಔಟ್ ಇತ್ತು, ಬಿಳಿ ಸುಣ್ಣ ಬಳಿದ ಕಲ್ಲುಗಳು, 'ಸೈಟುಗಳು ಮಾರಾಟಕ್ಕಿವೆ' ಅನ್ನೋ ಬೋರ್ಡು.

ಒಂದೆರಡು ಸೆಕೆಂಡು ಸುಮ್ಮನಿದ್ದೆ. 'ಹಾಂ, ಇದೆ ಅಪ್ಪಾಜಿ' ಅಂದುಬಿಡಬಹುದಿತ್ತು, ಅವರಿಗೆ ಗೊತ್ತಾಗ್ತಿರಲಿಲ್ಲ. ಆದ್ರೆ ಅವರು ಬ್ರೇಕಿಲ್ಲದ ಸೀಟಲ್ಲಿ ಕೂತಿರೋದು ನನ್ನ ಮಾತಿನ ಮೇಲೆ ಭಾರ ಹಾಕಿ. ಗುಂಡಿ ವಿಷಯದಲ್ಲಿ ನಿಜ, ಮರದ ವಿಷಯದಲ್ಲಿ ಸುಳ್ಳು ಅಂತ ಹಂಚೋಕಾಗಲ್ಲ. "ಮರ ಕಡಿದಿದ್ದಾರೆ. ಸೈಟ್ ಮಾಡಿದ್ದಾರೆ" ಅಂದೆ.

ಅವರು ಏನೂ ಅನ್ನಲಿಲ್ಲ. ಆದ್ರೆ ಚೈನ್ ಹೇಳ್ತು. ಹಿಂದಿನಿಂದ ಬರ್ತಿದ್ದ ಒತ್ತಡ ಸಡಿಲಾಯ್ತು, ಸೈಕಲ್ ಭಾರ ಪೂರ್ತಿ ನನ್ನ ಮಂಡಿಗೆ ಬಂತು. ಬಹುಶಃ ಅರ್ಧ ಕಿಲೋಮೀಟರ್ ಹಾಗೇ ನಡೀತು. ಟ್ಯಾಂಡಮ್‌ನಲ್ಲಿ ಮುಖ ಕಾಣಲ್ಲ, ಆದ್ರೆ ಬೇಜಾರು ಕಾಲಿಗೆ ತಿಳಿಯುತ್ತೆ. ಆಮೇಲೆ ನಿಧಾನಕ್ಕೆ ಒತ್ತಡ ವಾಪಸ್ ಬಂತು.

"ಚದರಡಿ ಏನ್ ರೇಟಂತೆ?" ಅಂತ ಕೇಳಿದ್ರು.

ಅಮರಾವತಿ ಹತ್ತಿರ ಚಹಾಕ್ಕೆ ನಿಲ್ಲಿಸಿದ್ವಿ. ಅಂಗಡಿಯವನು ಒಳ್ಳೆ ಮನುಷ್ಯ, ಕುರ್ಚಿ ತಂದು ಹಾಕಿದ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಅವರಿಗೆ ಸಕ್ಕರೆ ಹಾಕದಾ?" ಅಂತ ಕೇಳಿದ. ಕಣ್ಣು ಕಾಣದವರ ಜೊತೆ ಓಡಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಬ್ಯಾಂಕಲ್ಲಿ, ಮೆಡಿಕಲ್ ಶಾಪಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲರೂ ಕೇಳೋದು ಪಕ್ಕದವರನ್ನ. ನಾನು ಬಾಯಿ ತೆರೆಯೋ ಮೊದಲೇ ಅಪ್ಪಾಜಿ ಅಂದ್ರು: "ತಮ್ಮಾ, ಅರ್ಧ ದಾರಿ ತುಳ್ಕಂಡು ಬಂದಿರೋನು ನಾನು. ನನ್ನೇ ಕೇಳು. ಎರಡು ಚಮಚ ಹಾಕು." ಅವನು ನಕ್ಕ, ಎರಡು ಹಾಕಿದ. ಅಪ್ಪಾಜಿಗೆ ಶುಗರ್ ಇಲ್ಲ, ಆದ್ರೂ ಮನೆಯಲ್ಲಿ ಅಮ್ಮ ಎರಡು ಹಾಕಲ್ಲ.

ಹರಿಹರದಲ್ಲಿ ಮೊದಲು ಹೋಗಿದ್ದು ಹರಿಹರೇಶ್ವರನ ಗುಡಿಗೆ. 1223-24ರ ಸುಮಾರಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಕಥೆ ಗೊತ್ತಿರಬಹುದು: ಹರಿಯಿಂದಲೂ ಸಾಯಬಾರದು ಹರನಿಂದಲೂ ಸಾಯಬಾರದು ಅಂತ ವರ ಪಡೆದ ಗುಹಾಸುರ ಹಾವಳಿ ಮಾಡ್ತಿದ್ದ. ಆಗ ಹರಿಹರ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನ ಮುಗಿಸಿದ್ರು. ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಅಪ್ಪಾಜಿ ಗರ್ಭಗುಡಿ ಮುಂದೆ ಕೈ ಮುಗಿದು, ಪೂಜಾರಿಗೆ ಕೇಳೋ ಹಾಗೆ, "ಈ ದೇವ್ರೂ ಡಬಲ್ಸೇ ನೋಡು, ಇವನ ಗಾಳಿ ಬಿಡೋ ಧೈರ್ಯ ಯಾವ ಪೊಲೀಸನಿಗೂ ಇರಲಿಲ್ಲ" ಅಂದ್ರು. ಪೂಜಾರಿಗೆ ಹಿನ್ನೆಲೆ ಗೊತ್ತಿಲ್ಲ, ಪಾಪ, ಸುಮ್ಮನೆ ತೀರ್ಥ ಕೊಟ್ರು.

ಆಮೇಲೆ ಮಂಟಪದಲ್ಲಿ ನಡೆದಿದ್ದು ನನಗೆ ಇಡೀ ದಿನದಲ್ಲಿ ಗಟ್ಟಿಯಾಗಿ ಉಳಿದಿದ್ದು. ಅಲ್ಲಿನ ಕಂಬಗಳು, ಹೊಯ್ಸಳರ ಬೇರೆ ಗುಡಿಗಳ ಹಾಗೇ, ಕಲ್ಲನ್ನ ತಿರುಗಿಸಿ ಕಡೆದು ಮಾಡಿದವು. ದುಂಡಗೆ, ಗಂಟೆಯ ಆಕಾರ, ಅದರ ಮೇಲೆ ಬಳೆ ಜೋಡಿಸಿದ ಹಾಗೆ ಅಂಚಿನ ಮೇಲೆ ಅಂಚು. ಅಪ್ಪಾಜಿ ಈ ಗುಡಿಗೆ ನೂರು ಸಲ ಬಂದಿದ್ದಾರೆ, ಕಂಬ ನೋಡಿದ್ದಾರೆ. ಮುಟ್ಟಿ ನೋಡಿದ್ದು ಇದೇ ಮೊದಲು. ಒಂದು ಕಂಬಕ್ಕೆ ಎರಡೂ ಕೈ ಹಾಕಿ, ಹೆಬ್ಬೆರಳಲ್ಲಿ ಒಂದು ಅಂಚು ಹಿಡಿದು ಸುತ್ತ ಹೋದ್ರು. ಮತ್ತೊಂದು ಅಂಚು. ಉಗುರಿನ ತುದಿ ಗೆರೆಯೊಳಗೆ ಇಟ್ಟು ನಿಧಾನಕ್ಕೆ ಒಂದು ಸುತ್ತು ಬಂದ್ರು. ಯಾರಾದ್ರೂ ನೋಡಿದ್ರೆ ಪ್ರದಕ್ಷಿಣೆ ಅಂದ್ಕೋಬೇಕು.

"ಔಟ್ ಇಲ್ಲ" ಅಂದ್ರು.

"ಏನಪ್ಪಾಜಿ?"

"ಜಾಬ್ ಔಟ್ ಆಗಿಲ್ಲ. ಸೆಂಟರ್ ಕರೆಕ್ಟಾಗಿ ಹಿಡಿದಾನೆ. ಇಷ್ಟು ತೂಕದ ಕಲ್ಲು, ಕರೆಂಟಿಲ್ಲ, ಮೋಟರಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಟೂಲ್ ಬಿಟ್ಟು ಮತ್ತೆ ಹಿಡಿದ ಜಾಗ ಇಲ್ಲೊಂದೈತೆ ನೋಡು" ಅಂತ ನನ್ನ ಬೆರಳು ತಗೊಂಡು ಒಂದು ಕಡೆ ಇಟ್ರು. ನನಗೆ ಏನೂ ತಿಳೀಲಿಲ್ಲ. ಕಣ್ಣು ಮುಚ್ಚಿ ನೋಡಿದೆ, ಆಗಲೂ ತಿಳೀಲಿಲ್ಲ. ಅದಕ್ಕೆ 24 ವರ್ಷದ ಬೆರಳು ಬೇಕು.

ಹರಿಹರಕ್ಕೂ ಲೇತಿಗೂ ಇರೋ ನಂಟು ಆ ಕಂಬಗಳಿಗೇ ನಿಂತಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ತಯಾರು ಮಾಡ್ತಿದ್ದದ್ದೇ ಲೇತ್ ಯಂತ್ರಗಳನ್ನ. ಅಪ್ಪಾಜಿ ಕೆಲಸ ಮಾಡಿದಂಥ ಸಣ್ಣ ಸಣ್ಣ ವರ್ಕ್‌ಶಾಪುಗಳು ಅದರ ಸುತ್ತಲೇ ಬೆಳೆದವು. ಈಗ ಆ ಕಾರ್ಖಾನೆ ಇಲ್ಲ, ಅಪ್ಪಾಜಿಯ ವರ್ಕ್‌ಶಾಪೂ ಇಲ್ಲ. ಆ ಬೀದಿಗೆ ಹೋಗಾಣಾ ಅಂತ ಕೇಳಿದೆ. "ಬ್ಯಾಡ, ಹೊಳಿ ಕಡಿ ನಡಿ" ಅಂದ್ರು.

ಹೊಳೆ ಅಂದ್ರೆ ತುಂಗಭದ್ರೆ. 1868ರಲ್ಲಿ ಇಲ್ಲಿ ಕಲ್ಲು ಇಟ್ಟಿಗೆಯ 14 ಕಮಾನಿನ ಸೇತುವೆ ಕಟ್ಟಿದ್ರು. ಆಗ ಹೊಳೆ ಈಚೆಗೆ ಮೈಸೂರು ಸೀಮೆ, ಆಚೆಗೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಗಲೂ ಹೊಳೆ ದಾಟಿದ್ರೆ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. "ಆಚೆ ಜಿಲ್ಲೆಗೆ ಕಾಲಿಟ್ಟು ಬರಾಣ" ಅಂತ ಅಪ್ಪಾಜಿ ಹಠ. ಸೇತುವೆ ಮೇಲೆ ಹತ್ತಿದ್ದೇ ತಡ, ಎರಡೂ ಕಡೆಯಿಂದ ಗಾಳಿ ಬಂದು ಅವರು ಹೆಲ್ಮೆಟ್ ತೆಗೀತೀನಿ ಅಂತ ಶುರು ಮಾಡಿದ್ರು. ಬೇಡ ಅಂದೆ. ಮಂಕಿ ಕ್ಯಾಪಾದ್ರೂ ತೆಗೀತೀನಿ ಅಂದ್ರು. ಆಚೆ ದಡದಲ್ಲಿ ನಿಲ್ಲಿಸಿ, ಮಂಕಿ ಕ್ಯಾಪ್ ತೆಗೆದು ಜೇಬಿಗೆ ಹಾಕ್ಕೊಂಡು, ಮತ್ತೆ ಹೆಲ್ಮೆಟ್ ಹಾಕ್ಕೊಂಡು ವಾಪಸ್ ತಿರುಗಿಸಿದ್ವಿ. ನೀರು ಎಷ್ಟಿದೆ ಅಂತ ಕೇಳಿದ್ರು. ಬಂಡೆಗಳು ಕಾಣ್ತಿವೆ, ನಡುವೆ ಹರೀತಿದೆ, ಹೆಂಗಸರು ಬಟ್ಟೆ ಒಗೀತಿದ್ದಾರೆ ಅಂದೆ. ಎಷ್ಟು ಜನ ಅಂದ್ರು. ಏಳು.

ವಾಪಸ್ ಬರೋವಾಗ ಬಿಸಿಲೇರಿತ್ತು, ಜೊತೆಗೆ ಮೂಡಗಾಳಿ ಎದುರಿಗೆ. ಜಿಮ್ಮಿಗೆ ಹೋಗೋ ನನ್ನ ಕಾಲು ಬಾತಿ ಹೊತ್ತಿಗೆ ಸೋತ್ವು. ಹೇಳೋಕೆ ನಾಚಿಕೆ, ಆದ್ರೆ ಹೇಳ್ಬೇಕಾಗಿರಲಿಲ್ಲ, ಈ ಸಲ ಚೈನ್ ನನ್ನ ಸುದ್ದಿ ಹಿಂದಕ್ಕೆ ಮುಟ್ಟಿಸಿತ್ತು. "ನೀ ಹ್ಯಾಂಡಲ್ ಮಾತ್ರ ನೆಟ್ಟಗೆ ಹಿಡಕಳವ್ವಾ, ತುಳಿಯದು ನಂಗೆ ಬಿಡು" ಅಂದ್ರು. ಅಲ್ಲಿಂದ ದಾವಣಗೆರೆ ತನಕ ಸೈಕಲ್ ಓಡಿದ್ದು ಹೆಚ್ಚಾಗಿ ಅವರ ಕಾಲಿನ ಮೇಲೆ. ಎಂಟು ತಿಂಗಳು ಕೂತಿದ್ದ ಕಾಲು, ಆದ್ರೆ ಮೂರೂವರೆ ಸಲ ಭೂಮಿ ಸುತ್ತಿದ ಕಾಲು ಕೂಡ. ಒಟ್ಟು ಸುಮಾರು 32 ಕಿಲೋಮೀಟರ್. ಊರೊಳಗೆ ಬಂದು ಬೆಣ್ಣೆ ದೋಸೆಗೆ ನಿಲ್ಲಿಸಿದಾಗ ಅವರು ಮೂರು ತಿಂದ್ರು, ನಾನು ನಾಲ್ಕು.

ಇದನ್ನ ಓದಿ ಯಾರಿಗಾದ್ರೂ ಮನೆಯಲ್ಲಿ ಇಂಥವರಿದ್ರೆ ಎರಡು ಮಾತು. ಒಂದು, ಗ್ಲಾಕೋಮಾ ಮನೆತನದಲ್ಲಿ ಇದ್ರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚು. ಬರೀ ಪವರ್ ಚೆಕ್ ಮಾಡಿಸಿದ್ರೆ ಅದು ಸಿಗಲ್ಲ. ಕಣ್ಣಿನ ಒತ್ತಡ, ಒಳಗಿನ ನರ ಎರಡನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ನಾನೂ ತಮ್ಮನೂ ಮಾಡಿಸಿದ್ವಿ. ಸದ್ಯಕ್ಕೆ ಇಬ್ಬರಿಗೂ ಏನಿಲ್ಲ, ವರ್ಷಕ್ಕೊಂದ್ಸಲ ಬನ್ನಿ ಅಂದಿದ್ದಾರೆ. ಎರಡು, ಕಣ್ಣು ಕಾಣದವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋವಾಗ ಅವರ ರಟ್ಟೆ ನೀವು ಹಿಡೀಬೇಡಿ, ನಿಮ್ಮ ಮೊಣಕೈಯನ್ನ ಅವರಿಗೆ ಹಿಡ್ಕೊಳ್ಳೋಕೆ ಕೊಡಿ. ಟ್ಯಾಂಡಮ್ ಕಲಿಸಿದವರು ಮೊದಲ ದಿನವೇ ಹೇಳಿದ್ದು ಇದು. ನೋಡೋಕೆ ಸಣ್ಣ ವ್ಯತ್ಯಾಸ. ಅಮ್ಮನಿಗೆ ಹೇಳಿಕೊಟ್ಟೆ. ಈಗ ಕಟಿಂಗ್ ಶಾಪಿಗೆ ಇಬ್ಬರೂ ಹಾಗೇ ಹೋಗ್ತಾರೆ. ದಿನಾ ಅಲ್ಲ. ಕೆಲವು ದಿನ ಈಗಲೂ "ನಾ ಬರಲ್ಲ" ಇದೆ.

ಟ್ಯಾಂಡಮ್ ಗೆಳತಿಯದು, ವಾರದ ನಂತರ ಅದು ಬೆಂಗಳೂರಿಗೆ ವಾಪಸ್ ಹೋಯ್ತು. ಹೊಸದರ ರೇಟ್ ಕೇಳಿ ಅಪ್ಪಾಜಿ, "ಅಷ್ಟು ರೊಕ್ಕಕ್ಕೆ ನಾನೇ ಮಾಡಿಸ್ತೀನಿ ತಗಾ" ಅಂದಿದ್ರು. ಮಾತಿಗೆ ಅಂದಿದ್ದು ಅಂದ್ಕೊಂಡಿದ್ದೆ. ಈಗ ನಮ್ಮನೆ ಹಿತ್ತಲಲ್ಲಿ ಅವರ ಹಳೇ ಸೈಕಲ್ಲೂ, ಗುಜರಿಯಿಂದ ತಂದ ಇನ್ನೊಂದು ಸೈಕಲ್ಲೂ ಸೊಂಟಕ್ಕೆ ಸೊಂಟ ಕೂಡಿಸ್ಕೊಂಡು ಮಲಗಿವೆ. ವೆಲ್ಡಿಂಗ್ ಶಾಪಿನ ಹುಡುಗ ಸಂಜೆ ಹೊತ್ತು ಬರ್ತಾನೆ. ಅಪ್ಪಾಜಿ ದಾರ ಹಿಡಿದು ಅಳತೆ ಹೇಳ್ತಾರೆ, ಅವನು ಕಟ್ ಮಾಡ್ತಾನೆ, ಇವರು ಬೆರಳಾಡಿಸಿ ಮತ್ತೆ ಉಜ್ಜು ಅಂತಾರೆ. ಎರಡು ಸಲ ಅಲೈನ್‌ಮೆಂಟ್ ಸರಿಯಿಲ್ಲ ಅಂತ ಬಿಚ್ಚಿಸಿದ್ದಾರೆ. ಹುಡುಗ ಬೇಸತ್ತು ಮೂರು ದಿನ ಬರಲಿಲ್ಲವಂತೆ. ನಾಲ್ಕನೇ ದಿನ ಅಪ್ಪಾಜಿ ಅಮ್ಮನ ಮೊಣಕೈ ಹಿಡ್ಕೊಂಡು ತಾವೇ ಅವನ ಶಾಪಿಗೆ ಹೋಗಿ ಕರ್ಕೊಂಡು ಬಂದ್ರಂತೆ.

ಮೊನ್ನೆ ಫೋನ್ ಮಾಡಿದಾಗ ಒಂದು ಐಟಂ ಬೆಂಗಳೂರಿಂದ ತಗೊಂಡು ಬಾ ಅಂದ್ರು. ಹಿಂದಿನ ಹ್ಯಾಂಡಲ್ಲಿಗೆ ಬೆಲ್ಲು.